ಒಂದೇ ಹಾಡು, ಎರಡು ಪ್ಲೇಟು

ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬಂದ ವರ್ಷ, ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಭತ್ತ ಚೆನ್ನಾಗಿ ಕೈಗೆ ಹತ್ತಿದ ವರ್ಷ, ಅನುಕೂಲಸ್ಥರ ಮನೆಗೆ ಬರುತ್ತಿದ್ದ ವಸ್ತುಗಳಲ್ಲಿ ಗ್ರಾಮೊಫೋನೂ ಒಂದು. ವಿದ್ಯುತ್ತಿನ ಹಂಗಿಲ್ಲದೆ, ಕೀ ಕೊಟ್ಟರೆ ಹಾಡುವ ಯಂತ್ರವಾದುದರಿಂದ ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗೂ ಅದು ಹೋಗಬಲ್ಲುದಾಗಿತ್ತು. ಯಂತ್ರಗಳು ಕೆಟ್ಟು ಎಷ್ಟೋ ಕಾಲವಾಯಿತು. ಪ್ಲೇಟುಗಳು ಮಾತ್ರ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಉಳಿದಿರುವುದುಂಟು. ಮನೆ ಕೆಡಹುವಾಗಲೋ, ಪಾಲಾಗುವಾಗಲೋ ಅವು ಹೊರಗೆ ಬರುತ್ತವೆ. “ಒಂದೇ ಹಾಡಿಗೆ ಎರಡು ಪ್ಲೇಟು ಏತಕ್ಕೆ? ಒಂದನ್ನು ಎಸೆದುಬಿಡಿ” ಎಂಬ ಮಾತೂ ಅವುಗಳ ಹಿಂದೆಯೇ ಬರುತ್ತದೆ.

ಎಸೆಯುವ ಮುನ್ನ ತುಸು ತಡೆಯಬೇಕು. ಹಾಡು ಒಂದೇ ಆದರೂ ಪ್ಲೇಟು ಒಂದೇ ಅಲ್ಲ.

ಗಾಯಕರ ಧ್ವನಿಯನ್ನು ಮೊದಲು ಮೇಣದ ಬಿಲ್ಲೆಯ ಮೇಲೆ ಕೊರೆಯುತ್ತಿದ್ದರು. ಅದರಿಂದ ಲೋಹದ ಮೂಲ ಅಚ್ಚು, ಮೂಲದಿಂದ ತಾಯಿ ಅಚ್ಚು, ತಾಯಿಯಿಂದ ಒತ್ತುವ ಅಚ್ಚು. ಅರಗು, ಕಲ್ಲಿನ ಪುಡಿ, ಮಸಿ ಇವುಗಳನ್ನು ಬೆರೆಸಿ ಕಾಯಿಸಿದ ಮುದ್ದೆಯನ್ನು ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ಪ್ಲೇಟು ಸಿದ್ಧ. ಅಚ್ಚು ಹೊಸದಾಗಿದ್ದಾಗ ಒತ್ತಿದ ಪ್ಲೇಟಿನಲ್ಲಿ ಗಮಕದ ಒಂದೊಂದು ಎಳೆಯೂ ಕೇಳುತ್ತದೆ; ಸವೆದ ಮೇಲೆ ಒತ್ತಿದುದರಲ್ಲಿ ಅದೇ ಧ್ವನಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಮೂಲ ಅಚ್ಚೇ ಹಾಳಾದಾಗ ಹಳೆಯ ಪ್ಲೇಟೊಂದನ್ನು ನುಡಿಸಿ, ಅದರಿಂದಲೇ ಮತ್ತೊಂದು ಅಚ್ಚು ಮಾಡಿದ್ದೂ ಉಂಟು. ಆಗ ಹಳೆಯದರ ಕರಕರ ಸದ್ದೂ ಹಾಡಿನ ಪಾಲಿಗೆ ಶಾಶ್ವತವಾದ ಪಕ್ಕವಾದ್ಯವಾಯಿತು!

ಮೈಸೂರಿನ ನೆಲದಲ್ಲೇ ಕಣ್ಣು ಮುಚ್ಚಿದ ಗೌಹರ್ ಜಾನ್ ಅವರ ಪ್ಲೇಟುಗಳು ಇದಕ್ಕೆ ಒಳ್ಳೆಯ ನಿದರ್ಶನ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಧ್ವನಿಮುದ್ರಣದ ಸಲಕರಣೆಗಳೊಡನೆ ಕಲ್ಕತ್ತೆಗೆ ಬಂದಾಗ ಆತನ ಕೊಳವೆಯ ಮುಂದೆ ಹಾಡಿದವರಲ್ಲಿ ಈಕೆ ಪ್ರಮುಖರು. ಆಗ ನಮ್ಮಲ್ಲಿ ಕಾರ್ಖಾನೆಯಿರಲಿಲ್ಲ. ಪ್ಲೇಟುಗಳು ಜರ್ಮನಿಯ ಹ್ಯಾನೋವರಿನಲ್ಲಿ ತಯಾರಾಗಿ ಬರಬೇಕು. ಅವಕ್ಕೆ ಬೇಕಾದ ಅರಗಾದರೋ ಬಹುಪಾಲು ನಮ್ಮ ದೇಶದ್ದೇ. ನಮ್ಮ ಮರಗಳ ಅರಗು ಸಮುದ್ರ ದಾಟಿ ಹೋಗಿ ನಮ್ಮ ಹಾಡನ್ನೇ ಹೊತ್ತು ಹಿಂದಿರುಗುತ್ತಿತ್ತೆಂದರೆ ವಿಚಿತ್ರವಲ್ಲವೆ? ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಘೋಷಿಸುತ್ತಿದ್ದುದೂ ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದೇ ಎನ್ನುತ್ತಾರೆ.

1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯಿತು. ಮೊದಲಿನ ಪ್ಲೇಟುಗಳಿಗೆ ಒಂದೇ ಮಗ್ಗುಲು, ಲೇಬಲ್ಲಿನ ಮೇಲೆ ಬರೆಯುವ ದೇವದೂತನ ಚಿತ್ರ. ಅನಂತರದವುಗಳಿಗೆ ಎರಡು ಮಗ್ಗುಲು, ಮೇಲೆ ಎಲ್ಲರಿಗೂ ಪರಿಚಿತವಾದ ನಾಯಿ. ಹಾಡಿನ ಹೆಸರು ಎರಡರಲ್ಲೂ ಒಂದೇ ಇರಬಹುದು. ಲೇಬಲ್ಲನ್ನು ನಂಬಿ ಕೂರುವಂತಿಲ್ಲ. ಲೇಬಲ್ಲಿಗೂ ಕೊನೆಯ ಗೆರೆಗೂ ನಡುವಣ ಜಾಗದಲ್ಲಿ ಸಣ್ಣಗೆ ಕೊರೆದ ಅಂಕಿಯನ್ನು ನೋಡಬೇಕು. ಅದು ಒಂದೇ ಆಗಿದ್ದರೆ ಒಂದೇ ಗಾಯನದ ಎರಡು ಒತ್ತುಗಳು. ಬೇರೆಯಾಗಿದ್ದರೆ ಬೇರೊಂದು ಸಲ ಹಾಡಿದ್ದು. ಎರಡನೆಯ ಸಲ ಕಲಾವಿದೆಯ ಮನಸ್ಸು ಎತ್ತ ಹೊರಳಿತೆಂಬುದನ್ನು ತಿಳಿಯಲು ಅದೊಂದೇ ಸಾಕ್ಷಿ.

ಇದಕ್ಕಿಂತ ದೊಡ್ಡ ತೊಡಕು ವೇಗದ್ದು. ಮಿನಿಟಿಗೆ 78 ಸುತ್ತು ಎಂಬ ನಿಯಮ ಗಟ್ಟಿಯಾಗುವ ಮೊದಲು ಯಂತ್ರಗಳು ಮನಬಂದಂತೆ ತಿರುಗುತ್ತಿದ್ದವು. 74 ಸುತ್ತಿನಲ್ಲಿ ಮುದ್ರಿಸಿದ ಹಾಡನ್ನು 78ರಲ್ಲಿ ನುಡಿಸಿದರೆ ಶ್ರುತಿ ಹೆಚ್ಚುಕಡಮೆ ಅರ್ಧ ಮನೆ ಏರುತ್ತದೆ, ಲಯವೂ ಓಡುತ್ತದೆ. ಹಿಂದಿನ ಗಾಯಕಿಯರ ಕಂಠ ಕೀರಲು ಎಂದು ಮೂಗು ಮುರಿಯುವವರು ಎಷ್ಟು ಮಂದಿ! ದೋಷ ಕಂಠದ್ದೋ, ತಿರುಗಿಸಿದವರದ್ದೋ? ಹಾರ್ಮೋನಿಯಮ್ ಜೊತೆಗಿದ್ದರೆ ಅದರ ಸ್ವರವನ್ನು ಹಿಡಿದು ಮೂಲ ವೇಗವನ್ನು ಅಂದಾಜು ಮಾಡಬಹುದು.

ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ವೈಭವದ ದಿನಗಳು ಆ ವೇಳೆಗೆ ಮುಗಿದಿದ್ದವು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಇಂದು ಆಕೆಯನ್ನು ಅಳೆಯಲು ಪ್ಲೇಟುಗಳಲ್ಲದೆ ಬೇರೆ ಅಳತೆಗೋಲು ಎಲ್ಲಿದೆ?

ಆಸ್ಥಾನದ ಮುಂದಿನ ಒಡೆಯರಾದ ಜಯಚಾಮರಾಜರಿಗೆ ಪ್ಲೇಟು ಸಂಗ್ರಹಿಸುವ ಅಕ್ಕರೆ ಅಪಾರ. ಅವರು ಸ್ವತಃ ಪಿಯಾನೊ ಬಲ್ಲವರು. ಲಂಡನ್ನಿನಲ್ಲಿ ಕಾಯಿಲೆಯಿಂದ, ಜನರ ಮರೆವಿನಿಂದ ನವೆಯುತ್ತಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಆತನಿಂದಲೇ ನುಡಿಸಿ, 1940ರ ದಶಕದ ಕೊನೆಯಲ್ಲಿ ಪ್ಲೇಟಿಗೆ ಇಳಿಸಲು ಹಣ ಕೊಟ್ಟವರು ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ಕಾಲವಾದ. ಆ ಸಂಗೀತವನ್ನು 78ರ ಪ್ಲೇಟಿನಲ್ಲಿ ಕೇಳಿದವರು ನಾಲ್ಕು ನಾಲ್ಕೂವರೆ ಮಿನಿಟಿಗೊಮ್ಮೆ ಎದ್ದು ಮಗ್ಗುಲು ಬದಲಿಸಬೇಕಾಗಿತ್ತು. ಮುಂದೆ ಬಂದ ಸಿ.ಡಿ.ಯಲ್ಲಿ ತುಂಡುಗಳು ಕೂಡಿಕೊಂಡವು, ಸದ್ದು ಇಳಿಯಿತು. ಸದ್ದಿನ ಜೊತೆಗೆ ಪಿಯಾನೊದ ಹೊಳಪನ್ನೂ ಒರೆಸಿಹಾಕದಷ್ಟು ಹದ ಬಲ್ಲವರು ಆ ಕೆಲಸಕ್ಕೆ ಬೇಕು.

ಅಮೆರಿಕದಲ್ಲಿ 1960ರ ದಶಕದ ಸೋಲ್ ಹಾಡುಗಳ ಸಣ್ಣ ಪ್ಲೇಟಿಗೂ ದೊಡ್ಡ ಸ್ಟೀರಿಯೊ ಪ್ಲೇಟಿಗೂ ಇರುವ ಅಂತರವನ್ನು ರಸಿಕರು ಇಂದಿಗೂ ಹೋಲಿಸಿ ನೋಡುತ್ತಾರೆ. ಡೆಟ್ರಾಯಿಟ್ಟಿನ ಮೋಟೌನ್ ಸಂಸ್ಥೆಯವರು ಕಾರಿನ ರೇಡಿಯೊದ ಪುಟ್ಟ ಸ್ಪೀಕರಿನಲ್ಲಿ ಹೇಗೆ ಕೇಳುವುದೆಂದು ನೋಡಿಯೇ ವಾದ್ಯಗಳನ್ನು ಹದಗೊಳಿಸುತ್ತಿದ್ದರು. ನಮ್ಮಲ್ಲಿ ಅಂಥ ಹೋಲಿಕೆ ಬರಿಯ ಹವ್ಯಾಸವಲ್ಲ. ಅನೇಕ ಹಳೆಯ ಹಾಡುಗಳ ಲೋಹದ ಅಚ್ಚುಗಳು ಉಳಿದಿಲ್ಲ. ಎಲ್ಲೋ ಒಂದು ಮನೆಯ ಅಟ್ಟದಲ್ಲಿರುವ ಪ್ಲೇಟೇ ಉಳಿದವುಗಳಲ್ಲಿ ಉತ್ತಮವಾದುದಾಗಿರಬಹುದು. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಕೈಗೊಂಡಿತು.

ಪೆಟ್ಟಿಗೆ ತೆರೆದವರು ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಬೇಕು. ತುಕ್ಕು ಹಿಡಿದ ಹಳೆಯ ಉಕ್ಕಿನ ಮುಳ್ಳಿನಿಂದ ನುಡಿಸಲೇಬಾರದು; ಆ ಮುಳ್ಳನ್ನು ಒಂದೊಂದು ಮಗ್ಗುಲಿಗೂ ಬದಲಿಸುವುದು ಅಂದಿನ ಪದ್ಧತಿ. ಈಗಿನ ಯಂತ್ರದಲ್ಲಾದರೆ 78ರ ವೇಗವೂ, ಅಗಲವಾದ ಬೇರೆ ಮುಳ್ಳೂ ಬೇಕು. ಧೂಳನ್ನು ಮೆತ್ತನೆಯ ಬಟ್ಟೆಯಿಂದ ಗೆರೆಯ ಗುಂಟ ಒರೆಸಬಹುದು. ಸ್ಪಿರಿಟ್ಟನ್ನು ಮಾತ್ರ ಹತ್ತಿರಕ್ಕೂ ತರಕೂಡದು. ಅರಗು ಅದರಲ್ಲಿ ಕರಗುತ್ತದೆ.