ಅರಿವಿನ ಒರೆಗಲ್ಲು: ವಿಜ್ಞಾನ ಪತ್ರಿಕೆಗಳಲ್ಲಿ ಲೇಖನ ಪರೀಕ್ಷೆ

ಮುಂಗಾರು ಹಿಡಿದ ಮೇಲೆ ವಿರಾಜಪೇಟೆಯಿಂದ ಮಾಕುಟ್ಟದ ಘಟ್ಟವನ್ನು ಇಳಿಯುವವರಿಗೆ ಕಾಡಿನ ತೊರೆಗಳಿಂದ ಬಗೆಬಗೆಯ ಕಪ್ಪೆಗಳ ಕೂಗು ಕೇಳಿಬರುತ್ತದೆ. ವಿದ್ಯಾರ್ಥಿಯೊಬ್ಬನು ಅಲ್ಲಿ ತಾನು ಹಿಂದೆಂದೂ ಕಾಣದ ಕಪ್ಪೆಯೊಂದನ್ನು ಕಂಡನೆಂದು ಭಾವಿಸೋಣ. ‘ಇದು ಲೋಕಕ್ಕೇ ಹೊಸದು’ ಎಂದು ಅವನು ಸಾರಿದರೆ ನಂಬುವುದೆಂತು? ಅವನಿಗೆ ಹೊಸದಾದುದೆಲ್ಲವೂ ವಿಜ್ಞಾನಕ್ಕೆ ಹೊಸದಾಗಿರಬೇಕಿಲ್ಲ. ಇಂತಹ ಹೇಳಿಕೆಗಳನ್ನು ಒರೆಗೆ ಹಚ್ಚಲು ವಿಜ್ಞಾನಲೋಕವು ರೂಪಿಸಿಕೊಂಡಿರುವ ಕ್ರಮವೇ ಸಮವಿದ್ವಾಂಸರ ಪರಿಶೀಲನೆ. ಇಂಗ್ಲಿಷಿನಲ್ಲಿ ಇದನ್ನು ‘ಪೀರ್ ರಿವ್ಯೂ’ ಎನ್ನುವರು.

ಸಂಶೋಧಕನು ತಾನು ಕಂಡುದನ್ನು ಲೇಖನರೂಪಕ್ಕೆ ತಂದು ವಿಜ್ಞಾನ ಪತ್ರಿಕೆಯ ಸಂಪಾದಕರಿಗೆ ಕಳುಹಿಸುತ್ತಾನೆ. ವಿಷಯವು ಪತ್ರಿಕೆಗೆ ತಕ್ಕುದಲ್ಲದಿದ್ದರೆ ಅಥವಾ ಬರಹವು ತೀರ ಅಪಕ್ವವಾಗಿದ್ದರೆ ಸಂಪಾದಕರು ಅದನ್ನು ಅಲ್ಲಿಂದಲೇ ಹಿಂದಿರುಗಿಸುವುದುಂಟು. ತಕ್ಕುದೆನಿಸಿದರೆ ಅದೇ ಕ್ಷೇತ್ರದಲ್ಲಿ ದುಡಿದ ಇಬ್ಬರು ಅಥವಾ ಮೂವರು ವಿದ್ವಾಂಸರಿಗೆ ಅದನ್ನು ಒಪ್ಪಿಸುತ್ತಾರೆ. ಇವರಿಗೆ ‘ರೆಫರಿ’ಗಳೆಂದು ಹೆಸರು. ಲೇಖಕನ ಆಪ್ತರಿಗೂ ನೇರ ಪ್ರತಿಸ್ಪರ್ಧಿಗಳಿಗೂ ಈ ಹೊಣೆಯನ್ನು ವಹಿಸಬಾರದೆಂಬುದು ನಿಯಮ. ದಾಕ್ಷಿಣ್ಯವಿಲ್ಲದೆ ಮಾತನಾಡಲು ಅನುಕೂಲವಾಗಲೆಂದು ರೆಫರಿಗಳ ಹೆಸರನ್ನು ಸಾಮಾನ್ಯವಾಗಿ ಗುಪ್ತವಾಗಿಡುವರು. ಕೆಲವು ಪತ್ರಿಕೆಗಳಲ್ಲಿ ಲೇಖಕನ ಹೆಸರನ್ನೂ ಮರೆಮಾಡುವುದುಂಟು. ಬಹುಮಟ್ಟಿಗೆ ಈ ಕಾರ್ಯಕ್ಕೆ ಸಂಭಾವನೆಯಿಲ್ಲ. ‘ಇಂದು ನಾನು ಪರರ ಲೇಖನವನ್ನು ನೋಡಿದರೆ ನಾಳೆ ಪರರು ನನ್ನದನ್ನು ನೋಡುವರು’ ಎಂಬ ಪರಸ್ಪರ ಋಣವೇ ಇದರ ಆಧಾರ.

ನಮ್ಮ ಕಪ್ಪೆಯ ವಿಷಯದಲ್ಲಿ ರೆಫರಿಯು ಏನನ್ನು ಕೇಳಬಹುದು? ಎಷ್ಟು ಕಪ್ಪೆಗಳನ್ನು ಅಳೆದು ನೋಡಿದ್ದೀರಿ? ಗಂಡುಹೆಣ್ಣುಗಳ ವ್ಯತ್ಯಾಸವನ್ನೇ ಪ್ರಭೇದದ ವ್ಯತ್ಯಾಸವೆಂದು ತಿಳಿದಿಲ್ಲವಷ್ಟೆ? ಈಗಾಗಲೇ ಹೆಸರು ಪಡೆದ ಹತ್ತಿರದ ಕಪ್ಪೆಗಳೊಡನೆ ಹೋಲಿಸಿದ್ದೀರಾ? ಕೂಗನ್ನು ಧ್ವನಿಮುದ್ರಿಸಿದ್ದೀರಾ? ಡಿ.ಎನ್.ಎ. ಪರೀಕ್ಷೆ ಏನು ಹೇಳುತ್ತದೆ? ಮಾದರಿಯನ್ನು ಯಾವ ಸಂಗ್ರಹಾಲಯದಲ್ಲಿ ಇರಿಸಿದ್ದೀರಿ? ಇವೆಲ್ಲವನ್ನೂ ತೂಗಿ ರೆಫರಿಯು ನಾಲ್ಕರಲ್ಲಿ ಒಂದು ಸಲಹೆಯನ್ನು ನೀಡುತ್ತಾನೆ: ಇದ್ದಂತೆಯೇ ಪ್ರಕಟಿಸಬಹುದು, ಅಲ್ಪಸ್ವಲ್ಪ ತಿದ್ದಬೇಕು, ಆಮೂಲಾಗ್ರವಾಗಿ ತಿದ್ದಬೇಕು, ತಿರಸ್ಕರಿಸಬೇಕು. ಮೊದಲನೆಯದು ಅಪರೂಪ. ತಿದ್ದುವ ಅವಕಾಶ ದೊರೆತ ಲೇಖಕನು ಒಂದೊಂದು ಆಕ್ಷೇಪಕ್ಕೂ ಬರಹದಲ್ಲಿ ಉತ್ತರ ಕೊಡಬೇಕು. ರೆಫರಿಗಳ ಅಭಿಪ್ರಾಯಗಳು ಭಿನ್ನವಾದರೆ ಬಹುಮತದಿಂದ ತೀರ್ಮಾನವಾಗುವುದಿಲ್ಲ. ವಾದದ ಬಲವನ್ನು ನೋಡಿ ಸಂಪಾದಕರೇ ಅಂತಿಮ ನಿರ್ಣಯ ಮಾಡುತ್ತಾರೆ.

ಈ ಪದ್ಧತಿ ಒಂದೇ ದಿನದಲ್ಲಿ ರೂಪುಗೊಂಡುದಲ್ಲ. 1665ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯನ್ನು ಆರಂಭಿಸಿದಾಗ ಆಯ್ಕೆಯ ಹೊಣೆ ಮುಖ್ಯವಾಗಿ ಅವನದೇ ಆಗಿತ್ತು. 1830ರ ದಶಕದಲ್ಲಿ ರಾಯಲ್ ಸೊಸೈಟಿಯು ಲಿಖಿತ ವರದಿಗಳನ್ನು ತರಿಸತೊಡಗಿತು. ಸುಪ್ರಸಿದ್ಧವಾದ ‘ನೇಚರ್’ ಪತ್ರಿಕೆ ಹೊರಗಿನ ರೆಫರಿಗಳ ಪರಿಶೀಲನೆಯನ್ನು ಕಡ್ಡಾಯಗೊಳಿಸಿದ್ದು 1973ರಲ್ಲಿ. ನಮ್ಮ ನಾಡಿನಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ 1932ರಲ್ಲಿ ಹೊರಟಿತು; 1934ರಲ್ಲಿ ಸರ್ ಸಿ. ವಿ. ರಾಮನ್ ಅವರು ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು.

‘ಕರೆಂಟ್ ಸೈನ್ಸ್’ನ ಮೊದಲ ಸಂಪಾದಕರಾದ ಪ್ರೊ. ಸಿ. ಆರ್. ನಾರಾಯಣ ರಾವ್ ಅವರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರು, ಕಪ್ಪೆಗಳ ಅಧ್ಯಯನದಲ್ಲಿ ಪ್ರಸಿದ್ಧರು. 1920ರಲ್ಲಿ ಅವರು ಕೊಡಗಿನ ಇರುಳುಕಪ್ಪೆಯೊಂದನ್ನು ಹೊಸ ಪ್ರಭೇದವೆಂದು ವರ್ಣಿಸಿದರು. 1937ರಲ್ಲಿ ಸಕಲೇಶಪುರದ ಕಡೆಯ ಕೆಂಪುಹೊಳೆ ಮೊದಲಾದ ಸ್ಥಳಗಳ ಕಪ್ಪೆಗಳನ್ನು ವರ್ಣಿಸಿದರು. ಆದರೆ ಅವರು ಕಾಲೇಜಿನಲ್ಲಿ ಇರಿಸಿದ್ದ ಹಲವು ಮೂಲ ಮಾದರಿಗಳು ಕಾಲಾಂತರದಲ್ಲಿ ಕಾಣೆಯಾದವು. ಮಾದರಿ ಇಲ್ಲದ ಮೇಲೆ ಹೊಸಬನು ತನ್ನ ಕಪ್ಪೆಯನ್ನು ಹೋಲಿಸುವುದು ಯಾವುದರೊಡನೆ? ಅಚ್ಚಾದ ವರ್ಣನೆಯೊಂದೇ ಉಳಿಯಿತು. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು ಮತ್ತು ಸಂಗಡಿಗರು ಪಶ್ಚಿಮ ಘಟ್ಟಗಳಲ್ಲಿ ಹುಡುಕಿ, ಹನ್ನೆರಡು ಹೊಸ ಇರುಳುಕಪ್ಪೆಗಳನ್ನು ವರ್ಣಿಸಿದುದಲ್ಲದೆ, ಕೊಡಗಿನ ಆ ಕಪ್ಪೆಯನ್ನು 91 ವರ್ಷಗಳ ಬಳಿಕ ಮತ್ತೆ ಗುರುತಿಸಿ ಪ್ರಕಟಿಸಿದರು.

ಈ ಪ್ರಸಂಗವು ರೆಫರಿಯ ಮಿತಿಯನ್ನೂ ತೋರಿಸುತ್ತದೆ. ಅವನು ಸಾಮಾನ್ಯವಾಗಿ ಕಪ್ಪೆಯನ್ನು ಕಾಣುವುದಿಲ್ಲ, ಕಾಗದವನ್ನು ಕಾಣುತ್ತಾನೆ. ಪ್ರಯೋಗವನ್ನು ತಾನೇ ಮತ್ತೆ ಮಾಡುವುದಿಲ್ಲ. ಲೇಖಕನು ಸತ್ಯವಂತನೆಂಬ ನಂಬಿಕೆಯ ಮೇಲೆಯೇ ಅವನ ಪರೀಕ್ಷೆ ನಿಂತಿದೆ. ಬೇಕೆಂದೇ ಮಾಡಿದ ವಂಚನೆ ಅವನ ಕಣ್ಣು ತಪ್ಪಬಹುದು. ಅಸೂಯೆಯಿಂದಲೋ ಪೂರ್ವಗ್ರಹದಿಂದಲೋ ಅವನೇ ತಪ್ಪಬಹುದು. ಹೊಸ ವಿಚಾರವನ್ನು ಹಳೆಯ ಕಣ್ಣಿನಿಂದ ನೋಡಿ ತಳ್ಳಿಹಾಕಬಹುದು. ಆದುದರಿಂದ ಮುದ್ರಣವು ಪರೀಕ್ಷೆಯ ಕೊನೆಯಲ್ಲ. ಬಳಿಕ ಓದಿದವರು ಮತ್ತೆ ಕಾಡಿಗೆ ಹೋಗಿ, ಮತ್ತೆ ಅಳೆದು ನೋಡುವುದೇ ನಿಜವಾದ ಮುಂದಿನ ಪರೀಕ್ಷೆ. ದೋಷ ಕಂಡುಬಂದರೆ ಪತ್ರಿಕೆಗಳು ತಿದ್ದುಪಡಿಯನ್ನು ಪ್ರಕಟಿಸುತ್ತವೆ, ಲೇಖನವನ್ನೇ ಹಿಂತೆಗೆದುಕೊಳ್ಳುವುದೂ ಉಂಟು.

ವಿದ್ಯಾರ್ಥಿಮಿತ್ರರು ಇದರಿಂದ ಕಲಿಯತಕ್ಕುದು ಎರಡು. ತಮ್ಮ ಬರಹದಲ್ಲಿ ಪರರು ತಪ್ಪು ತೋರಿಸಿದಾಗ ಅದನ್ನು ಅಪಮಾನವೆಂದು ಬಗೆಯಬಾರದು. ಅಚ್ಚಿಗೆ ಮೊದಲು ತಪ್ಪು ತೋರಿದವನು ಲೇಖಕನ ಮಾನವನ್ನು ಕಾಯ್ದವನೇ ಸರಿ. ಎರಡನೆಯದಾಗಿ, ತಾವು ಕಂಡುದಕ್ಕೆ ದಿನಾಂಕ, ಸ್ಥಳ, ಅಳತೆಗಳ ಟಿಪ್ಪಣಿಯನ್ನೂ ಆಧಾರವನ್ನೂ ಜತನವಾಗಿ ಇರಿಸಬೇಕು. ತೊಂಬತ್ತು ವರ್ಷಗಳ ಮೇಲೆ ಯಾರೋ ಅಪರಿಚಿತರು ಅದನ್ನು ಹಿಡಿದು ಮಳೆಯಲ್ಲಿ ತೊರೆಯ ಬಳಿಗೆ ಬಂದಾರು.