ದುಆ ಕೇಳಲು ಬರುವಾಗ ವೀಸಾದ ಕಾಗದವನ್ನೂ ತನ್ನಿ

ಹುಲಿಯೂರುದುರ್ಗದಲ್ಲಿ ನಮ್ಮನ್ನು ‘ಹಜರತ್’ ಎನ್ನುತ್ತಾರೆ. ಊರಿಗೆ, ಅಂದರೆ ಕರಾವಳಿಗೆ ಬಂದರೆ ‘ಉಸ್ತಾದ್’. ಕರೆಯುವುದು ಹೇಗಿದ್ದರೂ ಕೇಳುವುದು ಒಂದೇ: ‘ಮಗ ಫಾರಿನ್‌ಗೆ ಹೊರಟಿದ್ದಾನೆ, ದುಆ ಮಾಡಿ.’ ನಾವು ಕೈ ಎತ್ತುತ್ತೇವೆ, ಆಮೀನ್ ಹೇಳಿ ಕಳಿಸಿಕೊಡುತ್ತೇವೆ. ಯಾವ ಕೆಲಸಕ್ಕೆ, ಯಾವ ವೀಸಾದಲ್ಲಿ ಎಂದು ಎಷ್ಟೋ ಸಲ ಕೇಳಿಯೇ ಇಲ್ಲ. ಈ ಸಲ ಕೇಳಿದೆವು.

ಮಗ್ರಿಬ್ ನಮಾಝ್ ಕಳೆದು ತಾಯಿ, ಮಗ ಬಂದಿದ್ದರು. ಹುಡುಗ ನಮ್ಮ ಮದ್ರಸದಲ್ಲೇ ಓದಿದವನು. ಪಿಯುಸಿ ಮುಗಿಸಿ ಕುಣಿಗಲ್‌ನ ಮೊಬೈಲ್ ಅಂಗಡಿಯೊಂದರಲ್ಲಿದ್ದ. ಈಗ ಬ್ಯಾಂಕಾಕ್‌ನಲ್ಲಿ ಡಾಟಾ ಎಂಟ್ರಿ ಕೆಲಸ, ತಿಂಗಳಿಗೆ 80 ಸಾವಿರ, ಊಟ ವಸತಿ ಫ್ರೀ. ಇಂಟರ್‌ವ್ಯೂ ವಾಟ್ಸ್‌ಆ್ಯಪ್‌ನಲ್ಲಿ ಹತ್ತೇ ನಿಮಿಷ, ಟೈಪಿಂಗ್ ಮಾತ್ರ ನೋಡಿದರಂತೆ. ಏಜೆಂಟನಿಗೆ 20 ಸಾವಿರ ಕೊಟ್ಟಾಗಿತ್ತು. ಉಳಿದದ್ದಕ್ಕೆ ತಾಯಿಯ ಬಳೆ ಅಡವಿಡಬೇಕಿತ್ತು.

‘ವೀಸಾ ಯಾವುದಪ್ಪಾ?’

‘ಟೂರಿಸ್ಟ್ ಆಗಿ ಹೋಗೋದು ಹಜರತ್. ಅಲ್ಲಿ ಇಳಿದ ಮೇಲೆ ಕಂಪೆನಿಯವರೇ ಎಲ್ಲಾ ಮಾಡಿಸ್ತಾರೆ.’

‘ಕಂಪೆನಿ ಹೆಸರು?’

ಹುಡುಗ ಫೋನ್‌ನಲ್ಲಿ ಮೇಲೆ ಕೆಳಗೆ ಹುಡುಕಿದ. ಹೆಸರು ಎಲ್ಲೂ ಇರಲಿಲ್ಲ.

ಇಂಥದ್ದರ ಬಗ್ಗೆಯೇ ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿತ್ತು. ಥಾಯ್ಲೆಂಡ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಎಂದು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಒಯ್ದು ಕೂಡಿಹಾಕುತ್ತಾರೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಆಮೇಲೆ ಕಾಂಬೋಡಿಯಾ, ಲಾವೋಸ್ ಬಗ್ಗೆಯೂ ಇಂಥ ಎಚ್ಚರಿಕೆಗಳು ಬಂದವು. ಅಲ್ಲಿ ಮಾಡಿಸುವ ಕೆಲಸ ಆನ್‌ಲೈನ್ ಮೋಸ. ಸುಳ್ಳು ಹೆಸರಲ್ಲಿ ಪ್ರೀತಿ, ಹೂಡಿಕೆ ಎಂದು ನಂಬಿಸಿ ಜನರ ಹಣ ಕೀಳುವುದು. ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ಒಲ್ಲೆ ಎಂದರೆ ಏಟು, ಬಿಡಬೇಕೆಂದರೆ ಲಕ್ಷಗಟ್ಟಲೆ ಹಣ. 2025ರ ಮಾರ್ಚ್‌ನಲ್ಲಿ ಎರಡೇ ದಿನದಲ್ಲಿ 549 ಭಾರತೀಯರನ್ನು ಥಾಯ್ಲೆಂಡ್ ಗಡಿಯ ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

ನಮ್ಮವರು ಯಾಕೆ ಮೋಸ ಹೋಗುತ್ತಾರೆ? ಗಲ್ಫ್ ನಮಗೆ ನಂಬುವುದನ್ನು ಕಲಿಸಿದೆ. ಅಲ್ಲಿಗೆ ಹೋಗುವವನಿಗೆ ವೀಸಾ ಮೊದಲು, ಟಿಕೆಟ್ ಆಮೇಲೆ. ಏರ್‌ಪೋರ್ಟ್‌ಗೆ ಬರಲು ಭಾವನೋ, ಪಕ್ಕದ ಮನೆಯವನೋ ಇರುತ್ತಾನೆ. ಕಷ್ಟ ಬಂದರೆ ಜಮಾಅತಿನವರಿದ್ದಾರೆ. ಅದೇ ಧೈರ್ಯದಲ್ಲಿ ಬ್ಯಾಂಕಾಕ್ ವಿಮಾನ ಹತ್ತಿದರೆ ಅಲ್ಲಿ ಕಾಯುತ್ತಿರುವವನು ಯಾರೆಂದೇ ಗೊತ್ತಿರುವುದಿಲ್ಲ.

ಇನ್ನೊಂದು ವಿಷಯ. ಹತ್ತನೇ ತರಗತಿ ಪಾಸಾಗದವರು ಸೌದಿ, ಯುಎಇ, ಮಲೇಷ್ಯಾ, ಥಾಯ್ಲೆಂಡ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಎಮಿಗ್ರೇಶನ್ ಅನುಮತಿ ಬೇಕು. ಓದಿದವನಿಗೆ ಅದು ಬೇಡ. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್ ಆ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಪಿಯುಸಿ, ಡಿಗ್ರಿ ಮಾಡಿದ, ಕಂಪ್ಯೂಟರ್ ಬಲ್ಲ ಹುಡುಗನನ್ನು ತಡೆದು ಕೇಳುವವರು ಮನೆಯವರು ಮಾತ್ರ. ಮೋಸಗಾರರಿಗೆ ಬೇಕಾಗಿರುವುದೂ ಅಂಥ ಹುಡುಗನೇ.

ನಾವು ಇಷ್ಟು ಹೇಳಿದಾಗ ಹುಡುಗನಿಗೆ ಸಿಟ್ಟು ಬಂತು. ‘ಅಲ್ಲಾಹನ ಮೇಲೆ ಭರವಸೆ ಇಡಿ ಅಂತ ನೀವೇ ಕಲಿಸಿದ್ದಲ್ವಾ?’ ಎಂದ. ಹೌದು, ಕಲಿಸಿದ್ದೇವೆ. ಖಲೀಫಾ ಉಮರ್ (ರ) ಶಾಮಿಗೆ ಹೊರಟವರು ಅಲ್ಲಿ ಪ್ಲೇಗ್ ಇದೆ ಎಂದು ತಿಳಿದು ದಾರಿಯಿಂದಲೇ ಹಿಂದಿರುಗಿದ್ದನ್ನೂ ಕಲಿಸಿದ್ದೇವೆ. ವಿಧಿಯಿಂದ ಓಡಿಹೋಗುವುದೇ ಎಂದು ಕೇಳಿದವರಿಗೆ, ಹಿಂದಿರುಗುವುದೂ ಅಲ್ಲಾಹನ ವಿಧಿಯೇ ಎಂಬರ್ಥದಲ್ಲಿ ಅವರು ಉತ್ತರಿಸಿದ್ದರು. ಎಚ್ಚರಿಕೆಗೆ ಕಿವಿಗೊಡುವುದು ಈಮಾನಿನ ಕೊರತೆಯಲ್ಲ.

‘ಕಂಪೆನಿಯ ಕಾಗದ ಕೇಳು, ಸಿಕ್ಕರೆ ನಾವೇ ಬಸ್ಸು ಹತ್ತಿಸುತ್ತೇವೆ’ ಎಂದೆವು. ಅವನು ಕೇಳಿದ. ‘ನಿನ್ನ ಸೀಟಿಗೆ ಬೇರೆ ಹತ್ತು ಜನ ಇದ್ದಾರೆ’ ಎಂದು ಏಜೆಂಟ್ ರೇಗಿದ. ಮರುದಿನದಿಂದ ಅವನ ಫೋನ್ ಸ್ವಿಚ್ ಆಫ್. 20 ಸಾವಿರ ಹೋಯಿತು. ಬಳೆ ಕೈಯಲ್ಲೇ ಉಳಿಯಿತು, ಮಗನೂ ಮನೆಯಲ್ಲೇ ಉಳಿದ.

ಹೋಗಬೇಡಿ ಎನ್ನುವುದಲ್ಲ, ವಿಚಾರಿಸಿ ಹೋಗಿ. ಏಜೆಂಟ್ ನೋಂದಾಯಿತನೇ ಎಂದು ಸರಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ ಪಡೆಯಬಹುದಾದದ್ದು ಹೆಚ್ಚೆಂದರೆ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೂ ರಶೀದಿ ಕೊಡಬೇಕು. ಟೂರಿಸ್ಟ್ ವೀಸಾದಲ್ಲಿ ಕೆಲಸ ಮಾಡುವುದು ಅಪರಾಧ. ಸಂಶಯವಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಟೋಲ್ ಫ್ರೀ ನಂಬರ್ 1800 11 3090ಕ್ಕೆ ಕರೆ ಮಾಡಿ.

ಯಾರಾದರೂ ಈಗಾಗಲೇ ಸಿಕ್ಕಿಬಿದ್ದಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಪೊಲೀಸರಿಗೆ ದೂರು ಕೊಡಿ, ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಬರೆಯಿರಿ, ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ಹಾಕಿ. ಮಗ ಎಲ್ಲಿದ್ದಾನೆಂದು ಮನೆಯವರು ಹೇಳದೆ ಅವರಿಗೆ ಹುಡುಕುವುದಾದರೂ ಹೇಗೆ?

ನಮ್ಮ ಜೊತೆಯ ಉಸ್ತಾದರಲ್ಲೂ ಒಂದು ವಿನಂತಿ. ದುಆಕ್ಕೆ ಕೈ ಎತ್ತುವ ಮೊದಲು ಒಂದು ಮಾತು ಕೇಳಿ. ಉಮ್ಮಂದಿರೇ, ನೀವೂ ದುಆ ಕೇಳಲು ಬರುವಾಗ ವೀಸಾದ ಕಾಗದವನ್ನೂ ತನ್ನಿ. ಮೊದಲು ಅದನ್ನು ಓದೋಣ, ಆಮೇಲೆ ಎಲ್ಲರೂ ಸೇರಿ ಆಮೀನ್ ಹೇಳೋಣ.