ಎಂಟು ವಾರದ ಲೀಡರ್: ಕೃಷಿ ವಿದ್ಯಾರ್ಥಿಗಳು ಹಳ್ಳಿಗೆ ಬಂದು ಹೋದ ಮೇಲೆ ಏನಾಗುತ್ತೆ?

ನೀವು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಅಥವಾ ನೆಲಮಂಗಲ ಕಡೆಯವರಾಗಿದ್ರೆ ಇದನ್ನ ಒಂದು ಸಲವಾದರೂ ನೋಡಿರ್ತೀರ. ಊರಿನ ದೇವಸ್ಥಾನದ ಮುಂದೆ, ಇಲ್ಲಾಂದ್ರೆ ಸ್ಕೂಲ್ ಅಂಗಳದಲ್ಲಿ, ಒಂದೇ ಥರದ ಟಿ-ಶರ್ಟ್ ಹಾಕಿದ ಒಂದಷ್ಟು ಹುಡುಗ ಹುಡುಗಿಯರು ರಂಗೋಲಿ ಪುಡಿಯಲ್ಲಿ ಇಡೀ ಊರಿನ ನಕ್ಷೆ ಬರೀತಿರ್ತಾರೆ. ಕೆರೆಗೆ ನೀಲಿ, ಹೊಲಕ್ಕೆ ಹಸಿರು, ರಸ್ತೆಗೆ ಕೆಂಪು. ಸುತ್ತ ನಿಂತ ಹಿರಿಯರು "ಅಲ್ಲಲ್ಲ, ಆ ಕಟ್ಟೆ ಈ ಕಡೆಗೆ ಬರ್ಬೇಕು" ಅಂತ ತಿದ್ದುತ್ತಿರ್ತಾರೆ.

ಇವರು ಕೃಷಿ ಬಿಎಸ್‌ಸಿ ಓದೋ ವಿದ್ಯಾರ್ಥಿಗಳು. ಪ್ರತಿ ತಂಡಕ್ಕೂ ಅವರಲ್ಲೇ ಒಬ್ಬ ಲೀಡರ್ ಇರ್ತಾರೆ. ಆ ಲೀಡರ್ ಏನ್ ಮಾಡ್ತಾರೆ, ಅವರ ಕೆಲಸ ಎಲ್ಲಿಗೆ ಬಂದು ನಿಲ್ಲುತ್ತೆ, ಅಲ್ಲಿಂದ ಮುಂದಕ್ಕೆ ಅದನ್ನ ಯಾರು ಎತ್ಕೋಬೇಕು ಅನ್ನೋದೇ ಇವತ್ತಿನ ಎಪಿಸೋಡ್. ನಾನು ಓದಿದ್ದು ಬಿಕಾಂ. ಹಾಗಾಗಿ ಬೆಳೆಗಿಂತ ಜಾಸ್ತಿ ಸಂಘ, ಸದಸ್ಯತ್ವ, ಮಿನಿಟ್ಸ್ ಪುಸ್ತಕದ ಕಡೆಗೇ ನನ್ನ ಕಣ್ಣು ಹೋಗುತ್ತೆ. ಸ್ವಲ್ಪ ಸಹಿಸ್ಕೊಳ್ಳಿ.

ರಾವೆ ಅಂದ್ರೇನು?

ಈ ಕಾರ್ಯಕ್ರಮದ ಪೂರ್ತಿ ಹೆಸರು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನ ಸೇರಿಸಿ ಎಲ್ಲರೂ 'ರಾವೆ' ಅಂತಾರೆ. ಕೃಷಿ ಓದಿದವರಿಗೆ ಕ್ಲಾಸ್‌ರೂಮ್ ಬಿಟ್ಟು ಹೊಲದ ಪರಿಚಯ ಇರಬೇಕು ಅಂತ ರಾಂಧಾವ ಸಮಿತಿ ಇದನ್ನ ಶಿಫಾರಸು ಮಾಡಿತ್ತು. ಈಗ ಇದು 'ಸ್ಟೂಡೆಂಟ್ ರೆಡಿ' ಅನ್ನೋ ದೊಡ್ಡ ಕಾರ್ಯಕ್ರಮದ ಒಂದು ಭಾಗ.

ಕೃಷಿ ಪದವಿ ನಾಲ್ಕು ವರ್ಷದ್ದು. ಕೊನೇ ವರ್ಷದ ಒಂದು ಸೆಮಿಸ್ಟರ್ ಪೂರ್ತಿ ರಾವೆಗೇ ಮೀಸಲು. ಐದನೇ ಡೀನ್‌ಗಳ ಸಮಿತಿ ದೇಶದ ಕೃಷಿ ಕಾಲೇಜುಗಳಿಗೆ ಹಾಕಿಕೊಟ್ಟ ಲೆಕ್ಕದಲ್ಲಿ ಇದು 20 ವಾರ, 20 ಕ್ರೆಡಿಟ್. ಅದರಲ್ಲಿ 8 ವಾರ ಹಳ್ಳಿಯಲ್ಲಿ, 5 ವಾರ ಕೃಷಿ ವಿಜ್ಞಾನ ಕೇಂದ್ರ ಅಥವಾ ಸಂಶೋಧನಾ ಕೇಂದ್ರದಲ್ಲಿ. ಉಳಿದದ್ದು ಸಸ್ಯ ಚಿಕಿತ್ಸಾಲಯ, ಕೃಷಿ ಉದ್ಯಮದ ತರಬೇತಿ, ವರದಿ ಇತ್ಯಾದಿ. ಒಂದೊಂದು ವಿಶ್ವವಿದ್ಯಾಲಯ ಇದನ್ನ ಸ್ವಲ್ಪ ಹಿಂದೆ ಮುಂದೆ ಮಾಡ್ಕೊಳ್ಳುತ್ತೆ. ನಮ್ಮ ಭಾಗಕ್ಕೆ ಹತ್ತಿರ ಇರೋದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ, ಅಂದ್ರೆ ಜಿಕೆವಿಕೆ. ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇರೋದು ದೊಡ್ಡಬಳ್ಳಾಪುರ ತಾಲೂಕಿನ ಹಾಡೋನಹಳ್ಳಿಯಲ್ಲಿ.

ಲೀಡರ್ ಕೆಲಸ ಭಾಷಣ ಅಲ್ಲ

ಕಾಲೇಜು ಲೀಡರ್ ಅಂದ್ರೆ ಮೈಕು, ಬ್ಯಾನರು, ಸೆಲ್ಫಿ ನೆನಪಾಗುತ್ತೆ. ರಾವೆ ಲೀಡರ್‌ಗೆ ಮೊದಲು ತಲೆನೋವು ತರೋದು ಅಡುಗೆ ಮನೆ. ಉಳ್ಕೊಳ್ಳೋಕೆ ಸಮುದಾಯ ಭವನನೋ ಬಾಡಿಗೆ ಮನೆನೋ ನೋಡಬೇಕು. ಮೆಸ್ ಲೆಕ್ಕ ಇಡಬೇಕು. ಪಂಚಾಯ್ತಿಗೆ ಹೇಳಿ ಬರಬೇಕು. ಪ್ರತಿ ವಿದ್ಯಾರ್ಥಿಗೂ ಒಬ್ಬ ರೈತರ ಹೊಲ ಗೊತ್ತು ಮಾಡಬೇಕು. ಹಾಜರಿ, ದಿನಚರಿ, ಗೈಡ್ ಮೇಷ್ಟ್ರಿಗೆ ವರದಿ ಬೇರೆ.

ಆಮೇಲೆ ಬರೋದು ಜನರನ್ನ ಸೇರಿಸೋ ಕೆಲಸ. ಹಳ್ಳಿಯಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಮೀಟಿಂಗ್ ಕರೆದ್ರೆ ಯಾರೂ ಬರಲ್ಲ. ಹೊಲದ ಕೆಲಸ ಇರುತ್ತೆ, ಇಲ್ಲಾ ಫ್ಯಾಕ್ಟರಿ ಶಿಫ್ಟ್ ಇರುತ್ತೆ. ಜನ ಸಿಗೋ ಟೈಮ್ ಅಂದ್ರೆ ಡೈರಿಗೆ ಹಾಲು ಹಾಕೋ ಟೈಮ್, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಇದನ್ನ ಅರ್ಥ ಮಾಡ್ಕೊಂಡ ಲೀಡರ್ ಪ್ರಾತ್ಯಕ್ಷಿಕೆಯನ್ನ ಡೈರಿ ಮುಂದೆನೇ ಇಡ್ತಾರೆ.

ರಂಗೋಲಿ ನಕ್ಷೆಗೂ ಇದೇ ಮಾತು. ಅದಕ್ಕೆ ಪಿಆರ್‌ಎ ಅಂತಾರೆ, ಅಂದ್ರೆ ಊರಿನವರೇ ಸೇರಿ ತಮ್ಮೂರನ್ನ ಅಳೆಯೋ ವಿಧಾನ. ನೀರು ಎಲ್ಲಿದೆ, ಯಾವ ತಿಂಗಳು ಯಾವ ಕೆಲಸ, ಯಾವ ಸಂಸ್ಥೆ ಊರಿಗೆ ಎಷ್ಟು ಹತ್ತಿರ ಅಂತ ಬರೀತಾರೆ. ಸಂಸ್ಥೆಗಳನ್ನ ದೊಡ್ಡ, ಸಣ್ಣ ವೃತ್ತಗಳಲ್ಲಿ ತೋರಿಸೋದರಿಂದ ಅದಕ್ಕೆ 'ಚಪಾತಿ ನಕ್ಷೆ' ಅನ್ನೋ ಹೆಸರೂ ಇದೆ. ಕಟ್ಟೆ ಮೇಲೆ ಕೂತ ಗಂಡಸರನ್ನ ಮಾತ್ರ ಕೇಳಿ ಇದನ್ನ ಮುಗಿಸಿದ್ರೆ ಮೇವು, ಸೌದೆ, ಕುಡಿಯೋ ನೀರು ನಕ್ಷೆಗೆ ಬರೋದೇ ಇಲ್ಲ. ಆ ಲೆಕ್ಕ ಹೆಂಗಸರ ಹತ್ತಿರ ಇರುತ್ತೆ. ಅವರನ್ನ ಕರೆಸಿ ಕೂರಿಸೋದೂ ಲೀಡರ್ ಕೆಲಸವೇ.

ಬೆಳೆಗೆ ಸೆಮಿಸ್ಟರ್ ಗೊತ್ತಿಲ್ಲ

ತೊಂದರೆ ಶುರುವಾಗೋದು ಇಲ್ಲಿ. ಒಂದು ಉದಾಹರಣೆ ತಗೊಳ್ಳಿ, ಮಣ್ಣು ಪರೀಕ್ಷೆ. ತಂಡದವರು ರೈತರಿಗೆ ಮಾದರಿ ತೆಗೆಯೋದನ್ನ ತೋರಿಸ್ತಾರೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹಲವು ಕಡೆ 'ವಿ' ಆಕಾರದಲ್ಲಿ ಸುಮಾರು 15 ಸೆಂಟಿಮೀಟರ್ ಆಳ ಅಗೆದು, ಮಣ್ಣನ್ನ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರು ಪಾಲು ತೆಗೀತಾ ಬಂದು, ಕೊನೆಗೆ ಅರ್ಧ ಕೆಜಿ ಉಳಿಸ್ಕೋಬೇಕು. ಬದುವಿನ ಪಕ್ಕ, ತಿಪ್ಪೆ ಪಕ್ಕ, ಮರದ ಕೆಳಗೆ ತೆಗೀಬಾರದು. ಹೇಳಿಕೊಟ್ರೆ ಯಾರು ಬೇಕಾದ್ರೂ ಮಾಡಬಹುದು.

ಆದ್ರೆ ಮಾದರಿ ಲ್ಯಾಬಿಗೆ ಹೋಗಿ ಫಲಿತಾಂಶ ಬರಬೇಕು. ಅದನ್ನ ನೋಡಿ ಗೊಬ್ಬರದ ಪ್ರಮಾಣ ಬದಲಾಯಿಸೋದು ಮುಂದಿನ ಬಿತ್ತನೆಗೆ. ನಮ್ಮ ಕಡೆ ಮುಂಗಾರಿನ ರಾಗಿ ಜುಲೈ, ಆಗಸ್ಟ್ ಹೊತ್ತಿಗೆ ನೆಲಕ್ಕೆ ಬೀಳುತ್ತೆ, ವರ್ಷದ ಕೊನೆಗೆ ಕೊಯ್ಲು. ಕೊಯ್ಲಾದ ಹೊಲದ ಮಣ್ಣು ತೆಗೆದ ಹುಡುಗ ಮುಂದಿನ ಬಿತ್ತನೆ ಹೊತ್ತಿಗೆ ಡಿಗ್ರಿ ಮುಗಿಸಿ ಎಂಎಸ್‌ಸಿ ಎಂಟ್ರೆನ್ಸಿಗೋ ಬ್ಯಾಂಕ್ ಪರೀಕ್ಷೆಗೋ ಓದ್ತಿರ್ತಾನೆ. "ನಿಮ್ಮ ಮಣ್ಣಲ್ಲಿ ರಂಜಕ ಸಾಕಷ್ಟಿದೆ, ಡಿಎಪಿ ಕಮ್ಮಿ ಮಾಡಿ ಯಜಮಾನ್ರೇ" ಅಂತ ಆ ಚೀಟಿ ಹಿಡ್ಕೊಂಡು ಹೇಳೋರು ಊರಲ್ಲಿ ಯಾರಿದ್ದಾರೆ?

ಇನ್ನೊಂದು ಉದಾಹರಣೆ ಮುಸುಕಿನ ಜೋಳದ ಫಾಲ್ ಸೈನಿಕ ಹುಳು. ಇದು ಭಾರತದಲ್ಲಿ ಮೊದಲು ಪತ್ತೆಯಾಗಿದ್ದೇ ನಮ್ಮ ಕರ್ನಾಟಕದಲ್ಲಿ, 2018ರಲ್ಲಿ. ಪೈರು ಸಣ್ಣದಿದ್ದಾಗಲೇ ಎಲೆ ಮೇಲಿನ ಮೊಟ್ಟೆ, ಮರಿಹುಳು ನೋಡಿ ಹಿಡಿದ್ರೆ ಸುಲಭ. ಹುಳು ಬೆಳೆದು ಸುಳಿ ಒಳಗೆ ಸೇರಿದ ಮೇಲೆ ಔಷಧಿ ತಾಗೋದೇ ಕಷ್ಟ. ಅಂದ್ರೆ ಬಿತ್ತಿದ ಮೊದಲ ವಾರಗಳಲ್ಲಿ ಎರಡು ಮೂರು ದಿನಕ್ಕೊಂದ್ಸಲ ಹೊಲ ಸುತ್ತೋರು ಬೇಕು. ಕ್ಯಾಂಪಿನ ಟೈಮ್‌ಟೇಬಲ್‌ಗೂ ಈ ವಾರಗಳಿಗೂ ತಾಳೆ ಆಗಲೇಬೇಕು ಅಂತೇನಿಲ್ಲ.

ಇದು ವಿದ್ಯಾರ್ಥಿಗಳ ತಪ್ಪು ಅಂತ ನಾನು ಹೇಳ್ತಿಲ್ಲ. ರಾವೆ ಹುಟ್ಟಿದ್ದೇ ವಿದ್ಯಾರ್ಥಿ ಕಲೀಲಿ ಅಂತ. ಆ ಲೆಕ್ಕದಲ್ಲಿ ಅದು ಒಳ್ಳೇ ಕೆಲಸ ಮಾಡುತ್ತೆ. ಹಳ್ಳಿಗೆ ವರ್ಷಪೂರ್ತಿ ಯುವ ಲೀಡರ್‌ಗಳನ್ನ ಕೊಡೋದು ಅದರ ಉದ್ದೇಶದಲ್ಲೇ ಇಲ್ಲ.

ಬೇರೆ ಕಡೆ ಹೇಗೆ?

ಅಮೆರಿಕದಲ್ಲಿ ಎಫ್‌ಎಫ್‌ಎ ಅನ್ನೋ ಸಂಸ್ಥೆ ಇದೆ. 1928ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ 'ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ' ಅಂತ ಶುರುವಾಯ್ತು. ಹುಡುಗಿಯರಿಗೆ ರಾಷ್ಟ್ರಮಟ್ಟದಲ್ಲಿ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ. ಅದರ ಶಾಖೆ ಇರೋದು ಹೈಸ್ಕೂಲ್ ಒಳಗೆ. ಮಕ್ಕಳೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯನ್ನ ಆರಿಸ್ತಾರೆ. ಒಂದು ತಂಡದ ಅವಧಿ ಮುಗಿದ್ರೆ ಇನ್ನೊಂದು ತಂಡ ಬರುತ್ತೆ. ಶಾಲೆಯೂ ಮೇಷ್ಟ್ರೂ ಪುಸ್ತಕವೂ ಅದೇ ಊರಲ್ಲೇ ಇರುತ್ತೆ. ಅಲ್ಲಿನ ಜಮೀನು, ಸಾಲ, ಮಾರುಕಟ್ಟೆ ಬೇರೆ ಥರ, ಹಾಗಾಗಿ ಅದನ್ನ ಎತ್ತಿ ಇಲ್ಲಿ ಇಡೋಕಾಗಲ್ಲ. ಆದ್ರೆ ಒಂದು ವಿಷಯ ಕಲೀಬಹುದು. ಲೀಡರ್ ಬದಲಾದ್ರೂ ಕೆಲಸ ನಿಲ್ಲಬಾರದು ಅಂದ್ರೆ, ಲೀಡರ್ ಕೂರೋ ಕುರ್ಚಿ ಊರಲ್ಲೇ ಇರಬೇಕು.

ನಮ್ಮೂರಲ್ಲಿ ಆ ಕುರ್ಚಿ ಎಲ್ಲಿದೆ?

ಹುಡುಕಿದ್ರೆ ಇದೆ. ಮೊದಲನೇದು ಹಾಲು ಉತ್ಪಾದಕರ ಸಹಕಾರ ಸಂಘ, ನಮ್ಮ ಬಾಯಲ್ಲಿ 'ಡೈರಿ'.

ಇದರ ಬೆಲೆ ಗೊತ್ತಾಗಬೇಕಾದ್ರೆ ಯುವಕರ ದೊಡ್ಡ ಸಮಸ್ಯೆ ಏನು ಅಂತ ನೋಡಬೇಕು. 2015-16ರ ಕೃಷಿ ಗಣತಿ ಪ್ರಕಾರ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದ್ರೆ ಮೂರೂಕಾಲು ಎಕರೆ ಚಿಲ್ಲರೆ. ಅದೂ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ, ತಾತ ತೀರಿಕೊಂಡಿದ್ರೂ ಪೌತಿ ಖಾತೆ ಆಗಿಲ್ಲ. ಬೆಳೆ ಸಾಲ, ಪಿಎಂ-ಕಿಸಾನ್‌ನ ವರ್ಷದ 6,000 ರೂಪಾಯಿ, ಫ್ರೂಟ್ಸ್ ಐಡಿ ಎಲ್ಲಾ ಓಡೋದು ಪಹಣಿ ಹಿಂದೆ. ಇಪ್ಪತ್ತೈದು ವರ್ಷದ ಹುಡುಗ ದಿನಾ ಹೊಲದಲ್ಲಿ ದುಡಿದ್ರೂ ಕಾಗದದ ಮೇಲೆ ರೈತನೇ ಅಲ್ಲ. ಮದುವೆಯಾಗಿ ಬಂದ ಹುಡುಗಿ ಕಥೆಯಂತೂ ಕೇಳಲೇಬೇಡಿ.

ಡೈರಿ ಸಂಘ ಕೇಳೋದು ಪಹಣಿ ಅಲ್ಲ, ಹಾಲು. 18 ವರ್ಷ ತುಂಬಿ, ಹಸು ಕಟ್ಟಿ, ಸಂಘದ ಬೈಲಾದಲ್ಲಿ ಹೇಳಿದಷ್ಟು ಹಾಲು ಹಾಕಿದ್ರೆ ಷೇರು ಕೊಂಡು ಸದಸ್ಯರಾಗಬಹುದು. ಎಷ್ಟು ಲೀಟರ್ ಹಾಕಿದ್ರೂ ಒಬ್ಬರಿಗೆ ಒಂದೇ ಓಟು. ವಾರ್ಷಿಕ ಸಭೆ, ಆಡಿಟ್, ಮಿನಿಟ್ಸ್ ಪುಸ್ತಕ, ಚುನಾವಣೆ ಎಲ್ಲಾ ಕಾನೂನು ಪ್ರಕಾರ ಆಗಲೇಬೇಕು. ಮಹಿಳೆಯರದ್ದೇ ಹಾಲು ಸಂಘಗಳೂ ಇವೆ.

ಎರಡನೇದು ರೈತ ಉತ್ಪಾದಕರ ಕಂಪನಿ. ಹತ್ತು ಜನ ಉತ್ಪಾದಕರು ಸೇರಿದ್ರೆ ಕಂಪನಿ ಕಾಯ್ದೆಯಡಿ ನೋಂದಣಿ ಮಾಡಿಸಬಹುದು. 2020ರಲ್ಲಿ ಶುರುವಾದ ಕೇಂದ್ರದ 10,000 ಎಫ್‌ಪಿಒ ಯೋಜನೆಯ ನೆರವು ಬೇಕಾದ್ರೆ ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರು ಬೇಕು. ಜಿಎಸ್‌ಟಿ, ಸ್ಟಾಕ್ ರಿಜಿಸ್ಟರ್, ಬೋರ್ಡ್ ಮೀಟಿಂಗ್ ಇರೋ ಇಂಥ ಜಾಗಕ್ಕೆ ಊರಿನ ಬಿಕಾಂ ಹುಡುಗರು, ಹುಡುಗಿಯರು ಬೇಕೇ ಬೇಕು. ಲೆಕ್ಕ ಬರೆಯೋರು ಸಿಗದೆ ಎಷ್ಟೋ ಸಂಘಗಳು ಮಲಗ್ತವೆ. ಕೃಷಿ ಓದಿದವರಷ್ಟೇ ಕೃಷಿ ಲೀಡರ್ ಆಗಬೇಕು ಅಂತೇನಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಯಾಕೆ ಇಷ್ಟು ಅರ್ಜೆಂಟು?

ಯಾಕಂದ್ರೆ ಇಲ್ಲಿ ಭೂಮಿ ಕೈ ಬದಲಾಗೋ ವೇಗ ಬೇರೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಆಮೇಲೆ ಲೇಔಟು, ಗೋದಾಮು, ಕೈಗಾರಿಕಾ ಪ್ರದೇಶ. 2025ರ ಜುಲೈನಲ್ಲಿ ನಂದಿಬೆಟ್ಟದ ಸಚಿವ ಸಂಪುಟ ಸಭೆ ಈ ಜಿಲ್ಲೆಯ ಹೆಸರನ್ನೇ 'ಬೆಂಗಳೂರು ಉತ್ತರ' ಅಂತ ಬದಲಿಸೋಕೆ ಒಪ್ಪಿತು.

ಅದೇ ತಿಂಗಳು ಇನ್ನೊಂದು ತೀರ್ಮಾನವೂ ಬಂತು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನ ಕೈಗಾರಿಕೆಗೆ ಸ್ವಾಧೀನ ಮಾಡೋದರ ವಿರುದ್ಧ ರೈತರು 2022ರ ಏಪ್ರಿಲ್‌ನಿಂದ ಧರಣಿ ಕೂತಿದ್ರು. ಮೂರು ವರ್ಷ ದಾಟಿದ ಮೇಲೆ, 2025ರ ಜುಲೈ 15ರಂದು, ಸ್ವಾಧೀನ ಪ್ರಕ್ರಿಯೆ ಕೈಬಿಡ್ತೀವಿ, ಸ್ವಇಚ್ಛೆಯಿಂದ ಕೊಡೋರದ್ದು ಮಾತ್ರ ತಗೋತೀವಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ್ರು.

ಭೂಮಿ ಕೊಡಬೇಕಾ ಬೇಡವಾ ಅನ್ನೋದು ಆ ಮನೆಯವರ ತೀರ್ಮಾನ, ನಾನು ಹೇಳೋಕೆ ಯಾರು? ಆದ್ರೆ ಉಳಿದ ಭೂಮಿಯಲ್ಲಿ ದುಡಿಮೆ ನಡೀಬೇಕಾದ್ರೆ ಮುಂದಿನ ತಲೆಮಾರಿಗೆ ಅದರಲ್ಲಿ ಆದಾಯನೂ ಇರಬೇಕು, ಮಾತಾಡೋ ಹಕ್ಕೂ ಇರಬೇಕು. ಬರೀ "ಯುವಕರು ಕೃಷಿಗೆ ಬನ್ನಿ" ಅಂತ ವೇದಿಕೆ ಮೇಲೆ ಹೇಳಿದ್ರೆ ಯಾರೂ ಬರಲ್ಲ. ಸಭೆಯಲ್ಲಿ ಅವರಿಗೊಂದು ಕುರ್ಚಿ, ಪುಸ್ತಕದಲ್ಲಿ ಅವರ ಹೆಸರು ಇರಬೇಕು.

ಹಾಗಾದ್ರೆ ಏನ್ ಮಾಡೋದು?

ನೀವು ರಾವೆ ತಂಡದ ಲೀಡರ್ ಆಗಿದ್ರೆ, ಕೊನೇ ವಾರವನ್ನ ಪ್ರದರ್ಶನಕ್ಕೆ ಮಾತ್ರ ಇಡಬೇಡಿ, ಹಸ್ತಾಂತರಕ್ಕೂ ಇಡಿ. ಒಂದು ನೋಟ್‌ಬುಕ್ ಸಾಕು. ಯಾರ ಹೊಲದ ಮಣ್ಣು ಲ್ಯಾಬಿಗೆ ಹೋಗಿದೆ, ಯಾರ ಮನೇಲಿ ಅಜೋಲ ಗುಂಡಿ ಹಾಕಿದೀರ, ಯಾರಿಗೆ ಯಾವ ತಳಿ ಬೀಜ ಬೇಕಾಗಿದೆ, ಮುಂದಿನ ಕೆಲಸ ಯಾವ ತಿಂಗಳು ಅಂತ ಕನ್ನಡದಲ್ಲಿ ಬರೀರಿ. ಒಂದು ಪ್ರತಿ ಡೈರಿ ಕಾರ್ಯದರ್ಶಿಗೆ, ಒಂದು ಹಾಡೋನಹಳ್ಳಿ ಕೇಂದ್ರಕ್ಕೆ, ಒಂದು ಊರಿನ ಇಬ್ಬರು ಹುಡುಗ ಹುಡುಗಿಯರ ಕೈಗೆ ಕೊಡಿ. ಆ ಇಬ್ಬರನ್ನ ಮೊದಲ ವಾರದಲ್ಲೇ ಜೊತೆಗೆ ಸೇರಿಸ್ಕೊಂಡಿದ್ರೆ ಇನ್ನೂ ಒಳ್ಳೇದು.

ನೀವು ಹಳ್ಳಿಯಲ್ಲೇ ಇರೋರಾದ್ರೆ ಮೂರು ಕೆಲಸ. ಡೈರಿಗೆ ಹೋಗಿ ಸದಸ್ಯತ್ವಕ್ಕೆ ಬೈಲಾ ಏನು ಹೇಳುತ್ತೆ ಅಂತ ಕೇಳಿ. ಮನೇಲಿ ಕೂತು ಪಹಣಿ ಯಾರ ಹೆಸರಲ್ಲಿದೆ ನೋಡಿ, ಪೌತಿ ಖಾತೆ ಬಾಕಿ ಇದ್ರೆ ಅರ್ಜಿ ಹಾಕ್ಸಿ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೀಬೇಕು ಅಂತ ಕಾನೂನಿದೆ. ಮುಂದಿನ ಸಭೆ ದಿನಾಂಕ ಪಂಚಾಯ್ತಿಯಲ್ಲಿ ಕೇಳಿ, ಹೋಗಿ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ.

ನಿಮ್ಮೂರಿನ ಡೈರಿ ಆಡಳಿತ ಮಂಡಳಿಯಲ್ಲಿ ಮೂವತ್ತು ವರ್ಷದೊಳಗಿನವರು ಎಷ್ಟು ಜನ ಇದ್ದಾರೆ? ಎಣಿಸಿ ನಮಗೊಂದು ವಾಯ್ಸ್ ನೋಟ್ ಕಳಿಸಿ. ಸೊನ್ನೆ ಆದ್ರೂ ಪರವಾಗಿಲ್ಲ, ಅದನ್ನೇ ಹೇಳಿ. ಮುಂದಿನ ವಾರ ಸಿಗೋಣ.